ಗುಂಯ್ ಸದ್ದು, ಓಡುವ ಪಟ್ಟಿ, ತಡವಾದ ಕತ್ತರಿ ಸದ್ದು: ಮನೆ ಸ್ಟುಡಿಯೊದ ದೋಷ ಹಿಡಿಯುವ ಬಗೆ

ರಾಣೆಬೆನ್ನೂರಿನಲ್ಲಿ ನಮ್ಮಕ್ಕನ ಮನೆ ಮಾಳಿಗೆ ಮೇಲೆ ಒಂದು ರೂಮಿದೆ. ಅಗಲ ಹತ್ತಡಿ, ಉದ್ದ ಹನ್ನೆರಡಡಿ. ಬ್ಲೌಸ್ ಕಟಿಂಗ್ ಕಲಿಸುವ ಚಾನೆಲ್ಲನ್ನು ಅಕ್ಕ ಅಲ್ಲಿಂದಲೇ ನಡೆಸುತ್ತಾಳೆ. ಕಟಿಂಗ್ ಟೇಬಲ್ ಮೇಲೆ ಕೆಳಮುಖವಾಗಿ ನೋಡುವ ಹಾಗೆ ಒಂದು ಫೋನ್ ಕಟ್ಟಿದ್ದೇವೆ. ಅಕ್ಕನ ಸೆರಗಿಗೆ ಕಾಲರ್ ಮೈಕ್, ಅದರ ತಂತಿ ಲ್ಯಾಪ್‌ಟಾಪಿಗೆ. ಒಂದು ಎಲ್ಇಡಿ ಪ್ಯಾನೆಲ್, ಒಂದು ಹಳೇ ಟ್ಯೂಬ್‌ಲೈಟ್. ಮೂಲೆಯಲ್ಲಿ ಮೋಟರ್ ಹಾಕಿದ ಹೊಲಿಗೆ ಯಂತ್ರ. ಸ್ಟುಡಿಯೊ ಅಂದರೆ ಇಷ್ಟೇ.

ಶುರು ಮಾಡಿದ ಮೊದಲ ತಿಂಗಳು ಒಂದು ವಿಡಿಯೊ ಸರಿ ಬಂದರೆ ಮೂರು ಕೆಡುತ್ತಿದ್ದವು. ಕೆಟ್ಟಾಗೆಲ್ಲ ಅಕ್ಕನ ಫೋನು: "ಏನೋ ತಮ್ಮ, ಕ್ಯಾಮೆರಾ ಕೆಟ್ಟೈತೇನೋ?" ಕ್ಯಾಮೆರಾ ಒಮ್ಮೆಯೂ ಕೆಟ್ಟಿರಲಿಲ್ಲ. ತಪ್ಪು ಹೆಚ್ಚಾಗಿ ಮನೆಯದ್ದೇ ಇರುತ್ತಿತ್ತು. ಒಂದು ಸಲ ಕರೆಂಟು, ಒಂದು ಸಲ ಗೋಡೆ, ಇನ್ನೊಂದು ಸಲ ಸೆಖೆ. ಆದ್ದರಿಂದ ಹೊಸ ಸಾಮಾನು ಆರ್ಡರ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ.

ಮೊದಲಿಗೆ ಪರೀಕ್ಷೆ ಮಾಡುವ ರೀತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೈಟು, ಮೈಕು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ನಾಳೆ ಮತ್ತೆ ಅದೇ ಗೋಳು. ಮೂವತ್ತು ಸೆಕೆಂಡಿನ ತುಣುಕು ಸಾಕು. ರೆಕಾರ್ಡ್ ಮಾಡುವಾಗ ಬಾಯಿಬಿಟ್ಟು ಹೇಳಿ: "ಈಗ ಚಾರ್ಜರ್ ತೆಗೆದಿದ್ದೇನೆ", "ಈಗ ಟ್ಯೂಬ್‌ಲೈಟ್ ಆರಿಸಿದ್ದೇನೆ". ಆಮೇಲೆ ಹತ್ತು ತುಣುಕು ನೋಡುವಾಗ ಯಾವುದು ಯಾವುದೆಂದು ತಲೆ ಕೆರೆದುಕೊಳ್ಳಬೇಕಿಲ್ಲ. ಇನ್ನು, ನೋಡುವುದು ದೊಡ್ಡ ಪರದೆಯಲ್ಲಿ, ಕೇಳುವುದು ತಂತಿ ಇರುವ ಹೆಡ್‌ಫೋನಿನಲ್ಲಿ. ಫೋನಿನ ಸ್ಪೀಕರಿನಲ್ಲಿ ಸಣ್ಣ ಗುಂಯ್ ಸದ್ದು ಕೇಳಿಸುವುದೇ ಇಲ್ಲ.

ಚಿತ್ರದ ಮೇಲೆ ಕಪ್ಪು ಪಟ್ಟಿ ಓಡುತ್ತಿದ್ದರೆ

ನಮಗೆ ಎದುರಾದ ಮೊದಲ ಕಾಟ ಇದು. ಮರೂನ್ ಬಣ್ಣದ ಗುಳೇದಗುಡ್ಡದ ಖಣ ಟೇಬಲ್ ಮೇಲೆ ಹರವಿತ್ತು. ಅದರ ಮೇಲೆ ಮಬ್ಬು ಪಟ್ಟಿಗಳು ಮೇಲಿಂದ ಕೆಳಕ್ಕೆ ಜಾರುತ್ತಿದ್ದವು. ಕಣ್ಣಿಗೆ ಏನೂ ಕಾಣಲ್ಲ, ವಿಡಿಯೊದಲ್ಲಿ ಮಾತ್ರ ಕಾಣುತ್ತೆ.

ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತದಲ್ಲಿ ಎರಡು ಸಲ ಬೆಳಕು ಏರಿ ಇಳಿಯುತ್ತೆ. ಅಂದರೆ ಹಳೇ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯಲ್ಲ, ಸಾಲು ಸಾಲಾಗಿ ಓದುತ್ತೆ. ಶಟರ್, ಅಂದರೆ ಒಂದೊಂದು ಸಾಲು ಬೆಳಕು ಹಿಡಿಯುವ ಹೊತ್ತು, 1/60 ಸೆಕೆಂಡ್ ಇದ್ದರೆ ಅಷ್ಟು ಹೊತ್ತಿನಲ್ಲಿ ಮಿನುಗು ಪೂರ್ತಿ ಎರಡೂ ಆಗಲ್ಲ, ಒಂದೂವರೆ ಮೀರಿ ಅರ್ಧಂಬರ್ಧ ನಿಲ್ಲುತ್ತೆ. ಕೆಲವು ಸಾಲಿಗೆ ಬೆಳಕು ಜಾಸ್ತಿ, ಕೆಲವಕ್ಕೆ ಕಮ್ಮಿ. ಅದೇ ಪಟ್ಟಿ. 1/50 ಇಟ್ಟರೆ ಎಲ್ಲ ಸಾಲಿಗೂ ಸರಿಯಾಗಿ ಎರಡು ಮಿನುಗು, 1/100 ಇಟ್ಟರೆ ಒಂದು. ತಾಳ ಕೂಡಿತು, ಪಟ್ಟಿ ಹೋಯಿತು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಫೋನಿನ ಸ್ಲೋ ಮೋಷನ್ ಹಾಕಿ ಒಂದೊಂದೇ ಲೈಟನ್ನು ಚಿತ್ರಿಸಿ. ಮಿನುಗುವ ಲೈಟು ಉಸಿರಾಡುವ ಹಾಗೆ ಏರಿಳಿಯುವುದು ಕಾಣುತ್ತೆ. ನಮ್ಮ ರೂಮಿನಲ್ಲಿ ಹೊಸ ಪ್ಯಾನೆಲ್ ಮಿನುಗದೆ ತಣ್ಣಗಿತ್ತು. ಕಳ್ಳ ಟ್ಯೂಬ್‌ಲೈಟು.

ಪಟ್ಟಿಯ ನಡಿಗೆಯೂ ಒಂದು ಸುಳಿವು. ಸೆಕೆಂಡಿಗೆ 30 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ) ಚಿತ್ರಿಸಿದರೆ ಪಟ್ಟಿ ಜಾರುತ್ತಿರುತ್ತೆ, ಯಾಕಂದ್ರೆ 100ನ್ನು 30ರಿಂದ ಭಾಗಿಸಿದರೆ ಶೇಷ ಉಳಿಯುತ್ತೆ. 25 ಫ್ರೇಮಿಗೆ ಬದಲಿಸಿ ನೋಡಿ. ಪಟ್ಟಿ ಹೆಚ್ಚುಕಮ್ಮಿ ನಿಂತಲ್ಲೇ ನಿಂತರೆ ಅದು ಕರೆಂಟಿನ ಮಿನುಗೇ. ಆಗಲೂ ಓಡುತ್ತಲೇ ಇದ್ದರೆ ಲೈಟಿನ ಡಿಮ್ಮರ್ ಮೇಲೆ ಅನುಮಾನ ಪಡಿ. ಕೆಲವು ಪ್ಯಾನೆಲ್ಲುಗಳು ಬೆಳಕು ಇಳಿಸುವುದಕ್ಕೆ ತಮ್ಮದೇ ಲೆಕ್ಕದಲ್ಲಿ ಎಲ್ಇಡಿಯನ್ನು ಹತ್ತಿಸಿ ಆರಿಸುತ್ತಿರುತ್ತವೆ. ಅಂಥದ್ದನ್ನು ಪೂರ್ತಿ ಏರಿಸಿ, ಬೆಳಕು ಜಾಸ್ತಿಯಾದರೆ ದೂರ ಸರಿಸಿ.

ಪರಿಹಾರ: ಕ್ಯಾಮೆರಾದ ಪ್ರೊ ಮೋಡಿನಲ್ಲಿ (ಸೆಟ್ಟಿಂಗನ್ನು ನಾವೇ ಇಡುವ ಬಗೆ) ಶಟರ್ 1/50 ಅಥವಾ 1/100ಕ್ಕೆ ಕಟ್ಟಿಹಾಕಿ. ವೆಬ್‌ಕ್ಯಾಮ್ ಆದರೆ ಅದರ ಸೆಟ್ಟಿಂಗಿನಲ್ಲಿ ಪವರ್ ಲೈನ್ ಫ್ರೀಕ್ವೆನ್ಸಿ ಅಂತ ಇರುತ್ತೆ, ಅಲ್ಲಿ 60 ಇದ್ದರೆ 50 ಮಾಡಿ. ಅಮೆರಿಕದ ಕರೆಂಟು 60 ಆವರ್ತದ್ದು, ಅಲ್ಲಿನವರು ಹೇಳಿಕೊಡುವ 1/60 ನಮ್ಮ ಟ್ಯೂಬ್‌ಲೈಟಿನ ಕೆಳಗೆ ನಡೆಯಲ್ಲ. ನಾವು ಕೊನೆಗೆ ಆ ಟ್ಯೂಬ್‌ಲೈಟನ್ನೇ ಆರಿಸಿಬಿಟ್ಟೆವು.

ಗುಂಯ್ ಅನ್ನುವ ಸದ್ದು

ಇದಕ್ಕೆ ಮೂರು ದಿನ ಹಿಡಿಯಿತು. ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ಸದ್ದು ಎಂಥದ್ದು ಅಂತ ಮೊದಲು ಕಿವಿಗೊಟ್ಟು ಕೇಳಿ. ನಮ್ಮಲ್ಲಿ ಎರಡು ಬಗೆ ಇತ್ತು. ಒಂದು, ಯಾವಾಗಲೂ ಇರುವ, ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತ ಹಾಗೆ ಗುಂಯ್ ಅನ್ನುವ ಸದ್ದು. ಇನ್ನೊಂದು, ಅಕ್ಕ ಹೊಲಿಗೆ ಯಂತ್ರದ ಪೆಡಲ್ ಒತ್ತಿದಾಗ ಮಾತ್ರ ಬರುವ ಚರಚರ. ಎರಡನ್ನೂ ಒಂದೇ ಅಂದುಕೊಂಡು ಮೊದಲ ದಿನ ಪೂರ್ತಿ ಹಾಳುಮಾಡಿದೆ.

ಗುಂಯ್ ಸದ್ದಿನ ಪರೀಕ್ಷೆ ಹೀಗೆ. ರೆಕಾರ್ಡಿಂಗ್ ಓಡುತ್ತಿರುವಾಗಲೇ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಹಾಕಿ. ಸದ್ದು ಟಕ್ಕಂತ ನಿಂತಿತಾ? ಹಾಗಿದ್ದರೆ ಅದು ಚಾರ್ಜರ್ ದಾರಿಯಿಂದ ಬರುತ್ತಿದೆ, ಮೈಕ್ ಬದಲಿಸಿದರೆ ದುಡ್ಡು ದಂಡ. ನಿಲ್ಲದೆ ಹೋದರೆ ಮೈಕಿನ ತಂತಿ ಹಿಡಿದು ಹೋಗಿ. ಅದು ಎಕ್ಸ್‌ಟೆನ್ಷನ್ ಬಾಕ್ಸ್ ಮೇಲೋ, ಅಡಾಪ್ಟರ್ ಪಕ್ಕದಲ್ಲೋ ಬಿದ್ದಿದೆಯಾ ನೋಡಿ. ಸುತ್ತಿಟ್ಟ ಆರು ಮೀಟರ್ ತಂತಿ ಅಂಥ ಕಡೆ ಬಿದ್ದಿದ್ದರೆ ಇರುವ ಗುಂಯ್ ಎಲ್ಲವನ್ನೂ ಹೀರಿಕೊಳ್ಳುತ್ತೆ.

ನಮ್ಮಲ್ಲಿ ಚಾರ್ಜರ್ ಕಿತ್ತ ಕೂಡಲೇ ನಿಂತಿತು. ಮತ್ತೆ ಹಾಕಿದೆ, ಬಂತು. ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಬೆರಳು ಸವರಿದರೆ ಜುಮುಜುಮು. ಟೆಸ್ಟರ್ ಇಟ್ಟರೆ ಮಂದವಾಗಿ ಹತ್ತಿಕೊಂಡಿತು. ಇದು ಅರ್ಥಿಂಗ್ ಇಲ್ಲದ್ದರ ಲಕ್ಷಣ. ಚಾರ್ಜರಿಗೆ ಮೂರು ಪಿನ್ ಇದ್ದವು, ಎಕ್ಸ್‌ಟೆನ್ಷನ್ ಬಾಕ್ಸಿಗೆ ಮೂರು ತೂತು ಇದ್ದವು. ಬಾಕ್ಸ್ ಬಿಚ್ಚಿದರೆ ಒಳಗೆ ಬಂದಿದ್ದು ಎರಡೇ ತಂತಿ! ಮೂರನೇ ತೂತು ಸುಮ್ನೆ ನೋಡೋಕೆ ಇಟ್ಟಿದ್ದು. ಮೂರು ತಂತಿಯ ಬಾಕ್ಸ್ ತಂದು ಹಾಕಿದೆವು. ಗುಂಯ್ ಆಗಲೂ ಹೋಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಗೋಡೆಯ ಪಾಯಿಂಟಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರು. ಉರಿಯಲಿಲ್ಲ. ಮಾಳಿಗೆ ರೂಮು ಆಮೇಲೆ ಕಟ್ಟಿದ್ದಂತೆ. ಕೆಳಗಿನಿಂದ ಎರಡೇ ತಂತಿ ಎಳೆದು ಕೈತೊಳೆದುಕೊಂಡಿದ್ದರು. ಅರ್ಥ್ ತಂತಿ ಎಳೆದ ದಿನವೇ ಗುಂಯ್ ಸತ್ತಿತು, ಜುಮುಜುಮುವೂ ಸತ್ತಿತು. ಸ್ಟುಡಿಯೊ ಮಾಡದೇ ಇದ್ದಿದ್ದರೆ ಆ ರೂಮಿನಲ್ಲಿ ಅರ್ಥಿಂಗ್ ಇಲ್ಲ ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೋಡೆ ಪಾಯಿಂಟಿನ ಪರೀಕ್ಷೆಯನ್ನು ನೀವು ಮಾಡಲು ಹೋಗಬೇಡಿ, ಎಲೆಕ್ಟ್ರಿಷಿಯನ್ ಮಾಡಲಿ. ಹಾಗೆಯೇ, ಚಾರ್ಜರಿನ ಮೂರನೇ ಪಿನ್ ಮುರಿದರೆ ಸದ್ದು ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವ ಕಾಯುವ ಪಿನ್ನು. ಅರ್ಥಿಂಗ್ ಆಗುವ ತನಕ ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ತೆಗೆದಿಟ್ಟು ರೆಕಾರ್ಡ್ ಮಾಡಿ.

ಅರ್ಥಿಂಗ್ ಸರಿ ಇದ್ದೂ ಗುಂಯ್ ಅಂದರೆ ಗ್ರೌಂಡ್ ಲೂಪ್ ಇರಬಹುದು. ಲ್ಯಾಪ್‌ಟಾಪ್ ಒಂದು ಪಾಯಿಂಟಿನಲ್ಲಿ, ಮಿಕ್ಸರೋ ಸ್ಪೀಕರೋ ಇನ್ನೊಂದು ಪಾಯಿಂಟಿನಲ್ಲಿ, ನಡುವೆ ಆಡಿಯೊ ತಂತಿ. ಅರ್ಥಿಗೆ ಎರಡು ದಾರಿ ಆಗಿ ಒಂದು ಸುತ್ತು ಮೂಡುತ್ತೆ. ಎಲ್ಲವನ್ನೂ ಒಂದೇ ಬಾಕ್ಸಿಗೆ ಹಾಕಿದರೆ ಬಹಳಷ್ಟು ಸಲ ತಗ್ಗುತ್ತೆ. ಕರೆಂಟ್ ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಸದ್ದು ಜಾಸ್ತಿಯಾದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಫ್ಯಾನು ಕೂಡ ಆಗ ಗೊರ್ ಅನ್ನುತ್ತೆ, ಗಮನಿಸಿ. ಸೈನ್ ವೇವ್ ಇನ್ವರ್ಟರಿನಲ್ಲಿ ಈ ರಗಳೆ ಕಮ್ಮಿ.

ಇನ್ನು ಚರಚರ. ಹೊಲಿಗೆ ಯಂತ್ರದ ಮೋಟರಿನಲ್ಲಿ ಕಾರ್ಬನ್ ಬ್ರಷ್ ಇರುತ್ತೆ, ಅದರ ಕಿಡಿಯಿಂದ ಹುಟ್ಟುವ ಗದ್ದಲ ಪಕ್ಕದ ತಂತಿಗಳಿಗೆ ಹಾರುತ್ತೆ. ಮಿಕ್ಸಿಯದ್ದೂ ಇದೇ ಕಥೆ. ಯಂತ್ರವನ್ನು ಬೇರೆ ಪಾಯಿಂಟಿಗೆ ಹಾಕಿ, ಮೈಕಿನ ತಂತಿಯನ್ನು ಕೋಣೆಯ ಇನ್ನೊಂದು ಬದಿಯಿಂದ ತಂದೆವು. ಪೂರ್ತಿ ಹೋಗಲಿಲ್ಲ. ಹೊಲಿಯುವ ಭಾಗಕ್ಕೆ ಅಕ್ಕ ಈಗ ಮಾತನ್ನು ಆಮೇಲೆ ಸೇರಿಸುತ್ತಾಳೆ. ಅದೇ ಒಳ್ಳೆಯದು ಅನ್ನಿಸುತ್ತೆ, ಹೊಲಿಯುತ್ತಾ ಮಾತಾಡಿದರೆ ಅವಳ ಲೆಕ್ಕವೂ ತಪ್ಪುತ್ತಿತ್ತು.

ಮೈಕ್ ಹಾಕಿದ್ದೇನೆ, ದನಿ ಮಾತ್ರ ದೂರದಿಂದ ಬಂದ ಹಾಗಿದೆ

ರೆಕಾರ್ಡ್ ಮಾಡುತ್ತಾ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕೇಳಿ ನೋಡಿ. ಕೆರೆದ ಸದ್ದು ಜೋರಾಗಿ ಬಂದಿಲ್ಲ ಅಂದರೆ ಮೈಕ್ ಕೆಲಸವೇ ಮಾಡುತ್ತಿಲ್ಲ, ಫೋನೋ ಲ್ಯಾಪ್‌ಟಾಪೋ ತನ್ನದೇ ಮೈಕಿನಿಂದ ಹಿಡಿಯುತ್ತಿದೆ.

ಪ್ಲಗ್ಗಿನ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರಿದ್ದರೆ ಫೋನಿನ ಬಗೆ, ಎರಡಿದ್ದರೆ ಕ್ಯಾಮೆರಾ ಬಗೆ. ಎರಡುಂಗುರದ ಮೈಕನ್ನು ಫೋನಿಗೆ ನೇರ ಚುಚ್ಚಿದರೆ ಫೋನ್ ಅದನ್ನು ಬರೀ ಇಯರ್‌ಫೋನ್ ಅಂದುಕೊಳ್ಳುತ್ತೆ. ನಡುವೆ ಒಂದು ಅಡಾಪ್ಟರ್ ಬೇಕು. ಒಂದೇ ಮೈಕಿನಲ್ಲಿ ಫೋನ್–ಕ್ಯಾಮೆರಾ ಅಂತ ಸ್ವಿಚ್ ಇದ್ದರೆ ಅದು ಯಾವ ಕಡೆ ಇದೆ ನೋಡಿ. ಕ್ಯಾಮೆರಾ ಕಡೆ ಇದ್ದಾಗ ಒಳಗಿನ ಗುಂಡಿ ಬ್ಯಾಟರಿ ಬೇಕೇ ಬೇಕು. ರಾತ್ರಿ ಆರಿಸಲು ಮರೆತರೆ ಬೆಳಗ್ಗೆ ಮೈಕ್ ಮೂಕ. ಟೈಪ್-ಸಿ ಇಂದ ಮೈಕ್ ಹಾಕುವವರು ಇನ್ನೊಂದು ನೆನಪಿಡಿ: ನೋಡೋಕೆ ಒಂದೇ ಥರ ಇರುವ ಅಡಾಪ್ಟರುಗಳಲ್ಲಿ ಕೆಲವಕ್ಕೆ ಒಳಗೆ ಚಿಪ್ ಇರುತ್ತೆ, ಕೆಲವು ಬರೀ ತಂತಿ. ಬರೀ ತಂತಿಯದ್ದು ಎಷ್ಟೋ ಫೋನುಗಳಲ್ಲಿ ನಡೆಯಲ್ಲ.

ಬಾವಿಯೊಳಗಿಂದ ಮಾತಾಡಿದ ಹಾಗಿದೆ

ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದಿನ ಬಾಲ ಉದ್ದ ಬಂದರೆ ತಪ್ಪು ಮೈಕಿನದ್ದಲ್ಲ. ಟೈಲ್ಸ್ ನೆಲ, ಬರೀ ಗೋಡೆ, ಆರ್‌ಸಿಸಿ ಸೂರು, ಸದ್ದು ಹೀರಲು ಅಲ್ಲಿ ಏನಿದೆ? ಮೊದಲ ಔಷಧ ಬಿಟ್ಟಿಯದ್ದು: ಮೈಕನ್ನು ಬಾಯಿಗೆ ಹತ್ತಿರ ತನ್ನಿ. ದೂರ ಅರ್ಧ ಮಾಡಿದರೆ ನೇರ ಬರುವ ದನಿ 6 ಡೆಸಿಬಲ್ ಏರುತ್ತೆ, ಗೋಡೆಯಿಂದ ಬರುವುದು ಅಷ್ಟೇ ಇರುತ್ತೆ.

ಎರಡನೇ ಔಷಧ ದಪ್ಪ ಬಟ್ಟೆ. ಮೊಟ್ಟೆ ಟ್ರೇ ಅಂಟಿಸಬೇಡಿ. ಮಾತಿನ ದನಿ ಹೀರುವ ತೂಕ ಆ ರಟ್ಟಿಗೆ ಇಲ್ಲ, ಜಿರಳೆ ಬೇರೆ ಬರುತ್ತವೆ. ನಮ್ಮಲ್ಲಿ ಕೆಲಸ ಮಾಡಿದ್ದು ಅಜ್ಜಿ ಹೊಲಿದ ಎರಡು ಕೌದಿ. ಹಳೇ ಸೀರೆ ಪದರ ಪದರವಾಗಿ ಸೇರಿಸಿದ್ದು, ಒಳ್ಳೆ ತೂಕ. ಒಂದನ್ನು ಅಕ್ಕನ ಎದುರಿನ ಗೋಡೆಗೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದೆವು, ಇನ್ನೊಂದನ್ನು ನೆಲಕ್ಕೆ ಹಾಸಿದೆವು. ಗೋಡೆಗೆ ಅಂಟಿಸದೆ ಜಾಗ ಬಿಟ್ಟರೆ ಜಾಸ್ತಿ ಹೀರುತ್ತೆ. ಕೌದಿ ಅಕ್ಕನ ಹಿಂದೆ ಹಾಕಿದ್ದರೆ ಚೆಂದ ಕಾಣುತ್ತಿತ್ತು ನಿಜ. ಆದರೆ ದನಿ ಮೊದಲು ಬಡಿಯುವುದು ಎದುರಿನ ಗೋಡೆಗೆ ಅಲ್ವಾ?

ಕತ್ತರಿ ಮೊದಲು, ಕಚ್ ಸದ್ದು ಆಮೇಲೆ

ಮೇಲಿಂದ ಚಿತ್ರಿಸುವಾಗ ತುಟಿ ಕಾಣಲ್ಲ, ಆದ್ದರಿಂದ ಈ ದೋಷ ನಮಗೆ ತಡವಾಗಿ ಗೊತ್ತಾಯಿತು. 22 ನಿಮಿಷದ ವಿಡಿಯೊದ ಕೊನೆಯಲ್ಲಿ ಕತ್ತರಿ ಬಟ್ಟೆ ಕಚ್ಚಿ ಮುಗಿಸಿದ ಮೇಲೆ ಸದ್ದು ಬರುತ್ತಿತ್ತು.

ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮರದ ಸ್ಕೇಲಿನಿಂದ ಟೇಬಲ್ ಕುಟ್ಟಿ. ಎಡಿಟಿಂಗಿನಲ್ಲಿ ಎರಡೂ ಕಡೆ ಸದ್ದು ಎಷ್ಟು ಹಿಂದೆಬಿದ್ದಿದೆ ನೋಡಿ. ಎರಡೂ ಕಡೆ ಒಂದೇ ಅಂತರ ಇದ್ದರೆ ಸುಲಭ, ಸದ್ದನ್ನು ಅಷ್ಟು ಸರಿಸಿದರೆ ಮುಗಿಯಿತು. ಒಬಿಎಸ್ ಅನ್ನುವ ಸಾಫ್ಟ್‌ವೇರಿನಲ್ಲಿ ನೇರ ಪ್ರಸಾರ ಮಾಡುವವರಿಗೆ ಆಡಿಯೊದ ಸಿಂಕ್ ಆಫ್‌ಸೆಟ್ (ಸದ್ದು ಸರಿಸುವ ಸೆಟ್ಟಿಂಗು) ಇರುವುದು ಇದಕ್ಕೇ.

ಶುರುವಿನಲ್ಲಿ ಸರಿ ಇದ್ದು ಕೊನೆಗೆ ಅಂತರ ಬೆಳೆದರೆ ಫೋನಿನ ಫ್ರೇಮ್ ರೇಟ್ ಮೇಲೆ ಕಣ್ಣಿಡಿ. 30 ಅಂತ ಬರೆದಿದ್ದರೂ ಬೆಳಕು ಕಮ್ಮಿಯಾದಾಗ, ಬಿಸಿಯಾದಾಗ ಫೋನು 28, 29 ಅಂತ ಏರಿಳಿಸುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ 30 ಅಂತಲೇ ನಂಬಿ ಕೂಡಿಸಿದರೆ ತಾಳ ತಪ್ಪುತ್ತೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಫೈಲನ್ನು ಒಮ್ಮೆ ಪರಿವರ್ತಿಸಿ, ಆಮೇಲೆ ಎಡಿಟ್ ಮಾಡಿ. ನಮ್ಮದು ಹೀಗೇ ಸರಿಹೋಯಿತು. ಕೊನೆಗೆ ಒಂದೆರಡು ಫ್ರೇಮಿನ ಅಂತರ ಉಳಿಯಿತು. ಫೋನು ಲ್ಯಾಪ್‌ಟಾಪು ಎರಡರ ಗಡಿಯಾರವೂ ಕೂದಲೆಳೆಯಷ್ಟು ಬೇರೆ ಇರುತ್ತವೆ, ಅದಕ್ಕೆ ನಡುವೆ ಒಂದು ಕಡೆ ಮೌನದಲ್ಲಿ ಕತ್ತರಿಸಿ ಸರಿಸಿದರೆ ಸಾಕು.

ದನಿಯೇ ದಪ್ಪಗಾಗಿ ನಿಧಾನವಾದರೆ ಬೇರೆ ರೋಗ: ಸೆಕೆಂಡಿಗೆ 48,000 ಸ್ಯಾಂಪಲ್ಲಿನಲ್ಲಿ (ಸದ್ದಿನ ಅಳತೆಗಳಲ್ಲಿ) ರೆಕಾರ್ಡ್ ಆದದ್ದನ್ನು 44,100 ಅಂದುಕೊಂಡು ನುಡಿಸುತ್ತಿದೆ. ಎಲ್ಲ ಕಡೆ 48,000 ಇಡಿ. ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಿ ಸಿಂಕ್ ತೀರ್ಮಾನ ಮಾಡಬೇಡಿ, ಅದು ತಾನೇ ತಡ ಮಾಡುತ್ತೆ.

ಬಣ್ಣ ಬದಲಾಗುತ್ತೆ, ಫೋಕಸ್ ಅಲೆಯುತ್ತೆ, ಚೌಕಳಿ ಕುಣಿಯುತ್ತೆ

ಕೆಂಪು ಬಟ್ಟೆ ಹರವಿದ ಕೂಡಲೇ ಅಕ್ಕನ ಕೈ ಹಸಿರು ತಿರುಗುತ್ತಿತ್ತು. ಚಿತ್ರದ ತುಂಬ ಕೆಂಪು ಕಂಡ ಫೋನು ಅದನ್ನು ಸರಿದೂಗಿಸಲು ಹೊರಟಿದ್ದು. ಕಪ್ಪು ಬಟ್ಟೆ ಹಾಕಿದರೆ ಬೆಳಕು ಏರಿಸುತ್ತೆ, ಬಿಳಿ ಲೈನಿಂಗ್ ಹಾಕಿದರೆ ಇಳಿಸುತ್ತೆ. ಕೈ ಒಳಗೆ ಬಂದಾಗೆಲ್ಲ ಫೋಕಸ್ ಹುಡುಕುತ್ತೆ. ಇವು ಮೂರಕ್ಕೂ ಮದ್ದು ಒಂದೇ, ಬೀಗ ಹಾಕುವುದು. ಟೇಬಲ್ ಮೇಲೆ ಕೈಯಿಟ್ಟು, ಪರದೆಯಲ್ಲಿ ಕೈ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಕಟ್ಟಿಕೊಳ್ಳುತ್ತವೆ. ವೈಟ್ ಬ್ಯಾಲೆನ್ಸನ್ನು, ಅಂದರೆ ಬಣ್ಣ ಸರಿದೂಗಿಸುವುದನ್ನು, ಪ್ರೊ ಮೋಡಿನಲ್ಲಿ ಕಟ್ಟಬೇಕು. ಬೀಗ ಹಾಕಿದ ಮೇಲೂ ಮುಖ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಇದ್ದರೆ ಕಿಟಕಿ ಬೆಳಕಿಗೂ ಬಲ್ಬಿಗೂ ಜಗಳ. ಒಂದನ್ನು ಮುಚ್ಚಿ. ಗೋಡೆಗೆ ಗಿಳಿಹಸಿರು ಬಣ್ಣ ಬಳಿದಿದ್ದರೆ ಅದೂ ಮುಖದ ಮೇಲೆ ಬೀಳುತ್ತೆ, ಅದಕ್ಕೆ ಸೆಟ್ಟಿಂಗಿನಲ್ಲಿ ಮದ್ದಿಲ್ಲ.

ಇಳಕಲ್ ಸೀರೆಯ ಸಣ್ಣ ಚೌಕಳಿ, ಖಣದ ನುಣುಪು ನೇಯ್ಗೆ ಮೇಲೆ ನೀರಿನ ಅಲೆಯಂಥ ಬಣ್ಣ ಕುಣಿದರೆ ಗಾಬರಿ ಬೇಡ. ಬಟ್ಟೆಯ ಎಳೆಗಳೂ ಸೆನ್ಸರಿನ ಸಾಲುಗಳೂ ಒಂದರ ಮೇಲೊಂದು ಬಿದ್ದಾಗ ಹೀಗಾಗುತ್ತೆ. ಫೋನನ್ನು ನಾಲ್ಕು ಬೆರಳು ಮೇಲೆ ಕೆಳಗೆ ಮಾಡಿ, ಇಲ್ಲವೇ ಬಟ್ಟೆಯನ್ನು ತುಸು ಓರೆ ಹಾಕಿ. ಅದಕ್ಕೂ ಮೊದಲು ವಿಡಿಯೊವನ್ನು ಪೂರ್ತಿ ಗಾತ್ರದಲ್ಲಿ ನೋಡಿ. ಎಷ್ಟೋ ಸಲ ಅಲೆ ಇರುವುದು ಎಡಿಟಿಂಗಿನ ಸಣ್ಣ ಕಿಟಕಿಯಲ್ಲಿ ಮಾತ್ರ.

ಐಫೋನ್ 12 ಅಥವಾ ಅದಕ್ಕಿಂತ ಹೊಸದರಲ್ಲಿ ಚಿತ್ರಿಸಿದ್ದು ಎಡಿಟಿಂಗಿನಲ್ಲಿ ಬಿಳಿಚಿಕೊಂಡು ಕಂಡರೆ ಕ್ಯಾಮೆರಾ ಸೆಟ್ಟಿಂಗಿನ ಎಚ್‌ಡಿಆರ್ ವಿಡಿಯೊ ಆಫ್ ಮಾಡಿ. ಅಷ್ಟೇ.

ನಡುವೆ ನಿಂತುಹೋಯಿತು

ನಿಂತ ಫೈಲುಗಳ ಉದ್ದ ಬರೆದಿಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ಉದ್ದವಾ? ಹಾಗಾದರೆ ಅದು ಮಿತಿ, ದೋಷ ಅಲ್ಲ. ಹಳೇ ಸ್ಟಿಲ್ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತವೆ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಅಂತ ಜಾಸ್ತಿ ಸುಂಕ ಬೀಳುತ್ತಿತ್ತು, ಅದಕ್ಕೆ ತಯಾರಕರೇ ಹಾಕಿದ ಬೇಲಿ. ಫೈಲು 4 ಜಿಬಿ ಮುಟ್ಟಿದಾಗ ತುಂಡಾದರೆ ಮೆಮೊರಿ ಕಾರ್ಡು ಫ್ಯಾಟ್32 ಅನ್ನುವ ಫಾರ್ಮ್ಯಾಟಿನದ್ದು. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅವಕ್ಕೆ ಆ ಗೋಡೆ ಇಲ್ಲ.

ಉದ್ದ ಒಂದೊಂದು ಸಲ ಒಂದೊಂದು ಥರ ಇದ್ದರೆ ಸೆಖೆ ಅಥವಾ ಕಾರ್ಡು. ಮುಟ್ಟಿ ನೋಡಿ. ಏಪ್ರಿಲ್ ಮಧ್ಯಾಹ್ನ ಕಾದ ಸೂರಿನ ಕೆಳಗೆ, ರಬ್ಬರ್ ಕವಚ ಹಾಕಿಕೊಂಡು, ಚಾರ್ಜ್ ಆಗುತ್ತಾ 4ಕೆ ಹಿಡಿ ಅಂದರೆ ಫೋನ್ ತಾನೇ ಏನು ಮಾಡೀತು? ಕವಚ ತೆಗೆಯಿರಿ, ಚಾರ್ಜರ್ ತೆಗೆಯಿರಿ, ಗುಣಮಟ್ಟ 4ಕೆಯಿಂದ 1080ಕ್ಕೆ ಇಳಿಸಿ. ಅಕ್ಕ ಈಗ ಬೆಳಗ್ಗೆ ಎಂಟಕ್ಕೇ ಶುರು ಮಾಡುತ್ತಾಳೆ.

ತಣ್ಣಗಿದ್ದೂ ನಿಂತರೆ ಕಾರ್ಡಿನ ಕಡೆ ತಿರುಗಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಸೆಕೆಂಡಿಗೆ 12.5 ಎಂಬಿ ಬರೆಯುವ ಶಕ್ತಿ ಬೇಕು. ಕ್ಲಾಸ್ 10 ಅಂದರೆ ಕನಿಷ್ಠ 10 ಎಂಬಿ ಖಾತ್ರಿ, ಸಾಲದು. ವಿ30 ಅಂತ ಬರೆದದ್ದು ತನ್ನಿ, ಅದಕ್ಕೆ 30 ಎಂಬಿ ಖಾತ್ರಿ. ಅಗ್ಗಕ್ಕೆ ಸಿಕ್ಕ ಕಾರ್ಡಿನ ಮೇಲೆ 128 ಅಂತ ಬರೆದು ಒಳಗೆ 16 ಇರುವ ಮೋಸವೂ ಉಂಟು. ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್ ಕಾರ್ಡನ್ನು ತುಂಬಿಸಿ, ಓದಿ, ಬಣ್ಣ ಬಯಲು ಮಾಡುತ್ತೆ. ಕಾರ್ಡಿನಲ್ಲಿ ಇದ್ದದ್ದನ್ನು ಮೊದಲು ಬೇರೆ ಕಡೆ ತೆಗೆದಿಡಿ.

ಇನ್ನೊಂದು ಕಾರಣ ಬರೆಯಲು ನಾಚಿಕೆ. ಎರಡು ಸಲ ರೆಕಾರ್ಡಿಂಗ್ ನಿಂತದ್ದು ನಾನು ಅಕ್ಕನಿಗೆ "ಹೆಂಗ್ ನಡೆದೈತಿ?" ಅಂತ ಕೇಳಲು ಫೋನ್ ಮಾಡಿದ್ದರಿಂದ. ಏರೋಪ್ಲೇನ್ ಮೋಡ್ ಹಾಕಿ.

ಅಪ್‌ಲೋಡ್ ಆದ ಮೇಲೆ ಮಸುಕು

ಏನನ್ನೂ ಮುಟ್ಟಬೇಡಿ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ ಪ್ರತಿ ಸಿದ್ಧ ಮಾಡುತ್ತೆ, ಎಚ್‌ಡಿ ಮತ್ತು 4ಕೆ ಆಮೇಲೆ ಬರುತ್ತವೆ. ಅಕ್ಕ ಮೊದಲ ವಿಡಿಯೊವನ್ನು ಇದೇ ಕಾರಣಕ್ಕೆ ಎರಡು ಸಲ ಅಳಿಸಿ ಮತ್ತೆ ಹಾಕಿದ್ದಳು. ಈಗ ರಾತ್ರಿ ಖಾಸಗಿಯಾಗಿ ಹಾಕಿ ಮಲಗುತ್ತಾಳೆ. ಬೆಳಗ್ಗೆ ಚಹಾ ಕುಡಿಯುತ್ತಾ ಸೆಟ್ಟಿಂಗ್ ತೆರೆದು 1080 ಕಾಣಿಸಿದರೆ ಆಗ ಎಲ್ಲರಿಗೂ ಬಿಡುತ್ತಾಳೆ.